ಗೋದಾಮಿಗೆ ಯಾವ ದೀಪ: ಕಾಫಿ, ಆಲೂಗಡ್ಡೆ, ಏಲಕ್ಕಿ ಸೀಮೆಗೊಂದು ಹೋಲಿಕೆ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಗೋದಾಮು ಎಂಬ ಒಂದೇ ಹೆಸರಿನಡಿ ಹಲವು ಬಗೆಯ ಕಟ್ಟಡಗಳಿವೆ. ಮೂಡಿಗೆರೆಯ ತೋಟದಲ್ಲಿರುವ ಹೆಂಚಿನ ಮಾಡಿನ ಕಾಫಿ ಉಗ್ರಾಣ, ಒಣಗಿದ ಕಾಫಿಯ ಸಿಪ್ಪೆ ತೆಗೆದು ಕಾಳನ್ನು ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ನ ಎತ್ತರದ ತಗಡಿನ ಶೆಡ್ಡು, ಹಾಸನದ ಆಲೂಗಡ್ಡೆ ಶೀತಲಗೃಹ, ಸಕಲೇಶಪುರದ ಏಲಕ್ಕಿ ಮತ್ತು ಮೆಣಸಿನ ಮಳಿಗೆ, ಅರಸೀಕೆರೆಯ ಕೊಬ್ಬರಿ ಗೋದಾಮು, ಅಕ್ಕಿ ಮತ್ತು ರಾಗಿ ಇಡುವ ದಾಸ್ತಾನು ಮಳಿಗೆ ಇವೆಲ್ಲವೂ ಆ ಹೆಸರಿಗೇ ಸೇರುತ್ತವೆ. ದೀಪ ಕೊಳ್ಳಲು ಅಂಗಡಿಗೆ ಹೋದವರು ಸಾಮಾನ್ಯವಾಗಿ ಮೊದಲು ಕೇಳುವುದು ಎಷ್ಟು ವ್ಯಾಟಿನದು ಬೇಕು ಎಂಬುದನ್ನು. ಅದಕ್ಕೂ ಮೊದಲು ಇತ್ಯರ್ಥವಾಗಬೇಕಾದ ಮೂರು ಸಂಗತಿಗಳಿವೆ: ಒಳಗೆ ಇರುವ ಸರಕು ಬೆಳಕಿಗೆ ಹೇಗೆ ಸ್ಪಂದಿಸುತ್ತದೆ, ಆ ಸರಕನ್ನು ಯಾರು ಯಾವ ಹೊತ್ತಿನಲ್ಲಿ ಎಷ್ಟು ಸೂಕ್ಷ್ಮವಾಗಿ ನೋಡಬೇಕಾಗುತ್ತದೆ, ಮತ್ತು ಆ ಊರಿನ ಮಳೆ, ಸಿಡಿಲು, ವಿದ್ಯುತ್ತು ಹೇಗಿವೆ. ಈ ಮೂರಕ್ಕೆ ಉತ್ತರ ಸಿಕ್ಕರೆ ವ್ಯಾಟಿನ ಪ್ರಶ್ನೆ ಬಹುಮಟ್ಟಿಗೆ ತಾನಾಗಿಯೇ ಬಗೆಹರಿಯುತ್ತದೆ.

ಎಷ್ಟು ಬೆಳಕು ಸಾಕು

ದೀಪದಿಂದ ಹೊರಡುವ ಒಟ್ಟು ಬೆಳಕನ್ನು ಲ್ಯೂಮೆನ್‌ನಲ್ಲೂ, ಒಂದು ಚದರ ಮೀಟರಿನ ಮೇಲೆ ಬೀಳುವ ಬೆಳಕನ್ನು ಲಕ್ಸ್‌ನಲ್ಲೂ ಅಳೆಯುತ್ತಾರೆ. ಗೋದಾಮಿನವರಿಗೆ ಮುಖ್ಯವಾದುದು ಲಕ್ಸ್. ಒಳಾಂಗಣ ಬೆಳಕಿನ ಬಗ್ಗೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 3646 ಎಂಬ ಸಂಹಿತೆ ಇದೆ; ಅದು ಒಂದೊಂದು ಕೆಲಸಕ್ಕೂ ಒಂದೇ ಸಂಖ್ಯೆಯನ್ನು ಹೇಳದೆ ಕೆಳಗಿನ, ನಡುವಿನ ಮತ್ತು ಮೇಲಿನ ಮಟ್ಟಗಳನ್ನು ಕೊಡುತ್ತದೆ. ಬಳಕೆಯಲ್ಲಿ ಈ ಅಳತೆಗಳನ್ನು ಹಿಡಿದು ಹೊರಟರೆ ತಪ್ಪಾಗುವುದಿಲ್ಲ: ಮೂಟೆಗಳನ್ನು ಅಟ್ಟಿಯೊಟ್ಟಿ ತಿಂಗಳುಗಟ್ಟಲೆ ಮುಟ್ಟದೆ ಬಿಡುವ ಕಡೆ 100 ಲಕ್ಸ್, ಹಮಾಲರು ದಿನವಿಡೀ ಓಡಾಡಿ ಚೀಲದ ಗುರುತು ಓದುವ ಕಡೆ 150ರಿಂದ 200, ತೂಕ ಹಾಕಿ ಹೊಲಿದು ಲಾರಿಗೆ ಏರಿಸುವ ಕಡೆ 200ರಿಂದ 300, ಕಾಳನ್ನು ಕೈಯಿಂದ ಆರಿಸುವ ಮೇಜಿನ ಮೇಲೆ 500 ಅಥವಾ ಅದಕ್ಕೂ ಹೆಚ್ಚು.

ಇಲ್ಲಿ ಬಹಳ ಕಡೆ ಕಡೆಗಣಿಸುವ ಒಂದು ವಿಷಯವಿದೆ. ಲಕ್ಸನ್ನು ಅಳೆಯುವವರು ಮೀಟರನ್ನು ನೆಲದ ಮೇಲೆ ಇಟ್ಟು ಅಳೆಯುತ್ತಾರೆ. ಆದರೆ ಚೀಲದ ಮೇಲಿನ ಲಾಟ್ ಸಂಖ್ಯೆ, ತೋಟದ ಗುರುತು, ತೂಕ ಇವೆಲ್ಲ ಅಟ್ಟಿಯ ನೆಟ್ಟನೆಯ ಮುಖದ ಮೇಲೆ ಇರುತ್ತವೆ. ನೆಲಕ್ಕೆ 200 ಲಕ್ಸ್ ಬೀಳುವ ಗೋದಾಮಿನಲ್ಲೂ ಅಟ್ಟಿಯ ಮುಖಕ್ಕೆ 40 ಲಕ್ಸ್ ಮಾತ್ರ ಸಿಗುವುದುಂಟು. ಆದ್ದರಿಂದ ಎದೆಯ ಎತ್ತರದಲ್ಲಿ, ಮೀಟರಿನ ಕಣ್ಣು ಅಟ್ಟಿಗಳ ನಡುವಿನ ಓಣಿಯ ಕಡೆಗೆ ತಿರುಗುವಂತೆ ಅದನ್ನು ಅಟ್ಟಿಗೆ ಆನಿಸಿ ಹಿಡಿದು ಅಳೆಯುವುದು ಅಗತ್ಯ.

ದೀಪಗಳ ಹೋಲಿಕೆ

ಹಳೆಯ ಬುರುಡೆ ದೀಪಕ್ಕೆ ಗೋದಾಮಿನಲ್ಲಿ ಜಾಗವೇ ಇಲ್ಲ. ಒಂದು ವ್ಯಾಟಿಗೆ ಅದು ಕೊಡುವುದು ಹತ್ತು ಹದಿನೈದು ಲ್ಯೂಮೆನ್; ಉಳಿದದ್ದೆಲ್ಲ ಶಾಖ. ಪಾದರಸದ ಆವಿಯ ದೊಡ್ಡ ದೀಪಗಳನ್ನೂ ಅದೇ ಸಾಲಿಗೆ ಸೇರಿಸಬಹುದು: ವ್ಯಾಟಿಗೆ ಐವತ್ತು ಅರವತ್ತು ಲ್ಯೂಮೆನ್ ಕೊಡುವ ಅವುಗಳ ತಯಾರಿಕೆಯನ್ನು, ಭಾರತವೂ ಸೇರಿರುವ, ಪಾದರಸದ ಬಳಕೆ ತಗ್ಗಿಸುವ ಅಂತರರಾಷ್ಟ್ರೀಯ ಮಿನಮಾಟ ಒಪ್ಪಂದವು 2020ಕ್ಕೆ ಮುಗಿಸಬೇಕೆಂದು ಗೊತ್ತುಮಾಡಿತ್ತು.

ಸೋಡಿಯಂ ದೀಪದ ಹಳದಿ ಬೆಳಕು ವಿದ್ಯುತ್ತಿನ ಲೆಕ್ಕದಲ್ಲಿ ಕೆಟ್ಟದ್ದಲ್ಲ. ವ್ಯಾಟಿಗೆ ನೂರು ಲ್ಯೂಮೆನ್‌ಗಿಂತ ಹೆಚ್ಚೇ ಸಿಗುತ್ತದೆ. ಆದರೆ ಬಣ್ಣಗಳನ್ನು ನಿಜವಾಗಿ ತೋರಿಸುವ ಶಕ್ತಿಯನ್ನು ಅಳೆಯುವ ಸಿಆರ್‌ಐ ಎಂಬ ಮಾಪನದಲ್ಲಿ ಅದಕ್ಕೆ 100ಕ್ಕೆ 25ರಷ್ಟು ಮಾತ್ರ. ಕಪ್ಪು ಕಾಳಿಗೂ ಕಂದು ಕಾಳಿಗೂ, ಹಸಿರು ಏಲಕ್ಕಿಗೂ ಬಿಳಿಚಿದ ಏಲಕ್ಕಿಗೂ ವ್ಯತ್ಯಾಸ ಕಾಣದ ಬೆಳಕು ಕಾಂಪೌಂಡಿನ ಗೇಟಿಗೆ ಸರಿ, ಗೋದಾಮಿನ ಒಳಗೆ ಸಲ್ಲದು.

ಮೆಟಲ್ ಹಾಲೈಡ್ ದೀಪ ಒಂದು ಕಾಲದಲ್ಲಿ ಎತ್ತರದ ಶೆಡ್ಡುಗಳಿಗೆ ಒಳ್ಳೆಯ ಆಯ್ಕೆಯಾಗಿತ್ತು. ಬೆಳಕು ಬೆಳ್ಳಗಿರುತ್ತದೆ, ಬಣ್ಣಗಳು ತಕ್ಕಮಟ್ಟಿಗೆ ಸರಿಯಾಗಿ ಕಾಣುತ್ತವೆ, ವ್ಯಾಟಿಗೆ 70ರಿಂದ 100 ಲ್ಯೂಮೆನ್ ಸಿಗುತ್ತದೆ. ಇಷ್ಟಾದರೂ ಮಲೆನಾಡಿನ ಗೋದಾಮಿಗೆ ಅದು ಒಗ್ಗದಿರಲು ಬಲವಾದ ಕಾರಣವೊಂದಿದೆ. ಈ ದೀಪ ಹೊತ್ತಿಕೊಂಡು ಪೂರ್ಣ ಬೆಳಕಿಗೆ ಬರಲು ಮೂರರಿಂದ ಐದು ನಿಮಿಷ ಬೇಕು. ಒಮ್ಮೆ ಆರಿದರೆ ಒಳಗಿನ ಕೊಳವೆ ತಣಿಯುವವರೆಗೆ, ಅಂದರೆ ಹತ್ತು ಹದಿನೈದು ನಿಮಿಷ, ಮತ್ತೆ ಹೊತ್ತಿಕೊಳ್ಳುವುದೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಮಳೆಗೆ ಮರದ ಕೊಂಬೆ ತಂತಿಗೆ ತಾಗಿ ಕರೆಂಟು ಹೋಗಿ ಬರುವುದು ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯವರಿಗೆ ಹೊಸತಲ್ಲ. ಕ್ಷಣಮಾತ್ರ ವೋಲ್ಟೇಜು ಕುಸಿದರೂ ಈ ದೀಪ ಆರುತ್ತದೆ. ಕರೆಂಟು ಮರಳಿದರೂ ಗೋದಾಮು ಕತ್ತಲಲ್ಲೇ ಇರುತ್ತದೆ. ತಲೆಯ ಮೇಲೆ 50 ಕಿಲೋ ಮೂಟೆ ಹೊತ್ತು ಅಟ್ಟಿ ಏರುತ್ತಿರುವ ಹಮಾಲರಿಗೆ ಆ ಹದಿನೈದು ನಿಮಿಷ ಎಂಥ ಅಪಾಯ ಎಂಬುದನ್ನು ಮಾಲೀಕರಾದವರು ಯೋಚಿಸಲೇಬೇಕು. ಇದರ ಜೊತೆಗೆ ಈ ದೀಪದ ಗಾಜು ವಿಪರೀತ ಕಾಯುತ್ತದೆ, ಆಯಸ್ಸಿನ ಕೊನೆಗೆ ಒಳಗಿನ ಕೊಳವೆ ಸಿಡಿಯುವ ಸಾಧ್ಯತೆಯೂ ಇದೆ. ಒಣಗಿದ ಸೆಣಬಿನ ಚೀಲ, ಕಾಫಿ ಹೊಟ್ಟು, ಎಣ್ಣೆಯಂಶ ತುಂಬಿದ ಕೊಬ್ಬರಿ ಇವುಗಳ ಮೇಲೆ ಅಂಥ ದೀಪವನ್ನು ತೂಗುಹಾಕುವುದು ನನಗಂತೂ ಸರಿ ಕಾಣುವುದಿಲ್ಲ.

ಟ್ಯೂಬ್‌ಲೈಟಿನ ವಿಷಯ ಬೇರೆ. ಹತ್ತು ಹನ್ನೆರಡು ಅಡಿ ಎತ್ತರದ ಹೆಂಚಿನ ಉಗ್ರಾಣಗಳಿಗೆ ಅದು ದಶಕಗಳ ಕಾಲ ಪ್ರಾಮಾಣಿಕವಾಗಿ ದುಡಿದಿದೆ. ಉದ್ದಕ್ಕೆ ಹರಡುವ, ಕಣ್ಣಿಗೆ ಚುಚ್ಚದ ಬೆಳಕು ಅದರ ಗುಣ. ಆದರೆ ತಾಮ್ರದ ಚೋಕ್ ಇದ್ದರೆ 36 ವ್ಯಾಟಿನ ಟ್ಯೂಬು ಎಳೆಯುವುದು 45 ವ್ಯಾಟಿಗಿಂತ ಕಡಿಮೆಯಲ್ಲ, ವೋಲ್ಟೇಜು ಇಳಿದಾಗ ಅದು ಮಿಣುಕುತ್ತ ನಿಲ್ಲುತ್ತದೆ, ಚಳಿಯಲ್ಲಿ ಮಂಕಾಗುತ್ತದೆ. ಇನ್ನು ಮುಂದೆ ಹೊಸದಾಗಿ ಟ್ಯೂಬ್‌ಲೈಟು ಹಾಕಿಸುವುದಕ್ಕೆ ಅರ್ಥವಿಲ್ಲ. ಏಕೆಂದರೆ 2023ರಲ್ಲಿ ಜಿನೀವಾದಲ್ಲಿ ನಡೆದ ಮಿನಮಾಟ ಒಪ್ಪಂದದ ಸಭೆಯು ಪಾದರಸವಿರುವ ಉದ್ದ ಟ್ಯೂಬುಗಳ ತಯಾರಿಕೆ ಮತ್ತು ಆಮದು ರಫ್ತುಗಳನ್ನು 2027ರ ಹೊತ್ತಿಗೆ ನಿಲ್ಲಿಸಲು ತೀರ್ಮಾನಿಸಿದೆ. ಇರುವ ಟ್ಯೂಬುಗಳು ಚೆನ್ನಾಗಿದ್ದರೆ ಆರುವವರೆಗೆ ಬಳಸಬಹುದು, ಬದಲಿಸುವಾಗ ಎಲ್‌ಇಡಿಗೆ ಹೋಗಬೇಕು.

ಎಲ್‌ಇಡಿ ಹೈಬೇ ದೀಪಗಳು (ಎತ್ತರದ ಮಾಡಿನಿಂದ ತೂಗುವಂಥವು) ವ್ಯಾಟಿಗೆ 100ರಿಂದ 150 ಲ್ಯೂಮೆನ್ ಕೊಡುತ್ತವೆ, ಸ್ವಿಚ್ಚು ಹಾಕಿದೊಡನೆ ಪೂರ್ಣ ಬೆಳಕು ಬರುತ್ತದೆ, ಕರೆಂಟು ಹತ್ತು ಸಲ ಹೋಗಿ ಬಂದರೂ ಹತ್ತು ಸಲವೂ ತಕ್ಷಣ ಹೊತ್ತಿಕೊಳ್ಳುತ್ತವೆ. ಬೆಳಕಿನ ಮೂಲದ ಆಯಸ್ಸು 50,000 ಗಂಟೆ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಅಷ್ಟು ಗಂಟೆಗಳ ನಂತರ ಮೂಲ ಬೆಳಕಿನ ಶೇಕಡಾ 70ರಷ್ಟು ಉಳಿದಿರುತ್ತದೆ ಎಂಬುದು ಅದರ ಸಾಮಾನ್ಯ ಅರ್ಥ. ಆದರೆ ಆ ಮಾತು ಬೆಳಕು ಕೊಡುವ ಚಿಪ್ಪಿಗೆ ಅನ್ವಯಿಸುವಂಥದ್ದು, ಅದಕ್ಕೆ ತಕ್ಕ ವಿದ್ಯುತ್ತು ಒದಗಿಸುವ ಡ್ರೈವರ್ ಎಂಬ ಭಾಗಕ್ಕಲ್ಲ. ಗೋದಾಮಿನ ಎಲ್‌ಇಡಿ ಕೆಟ್ಟಿತೆಂದರೆ ಬಹಳ ಸಲ ಕೆಟ್ಟಿರುವುದು ಡ್ರೈವರೇ ಎಂದು ಯಾವ ಎಲೆಕ್ಟ್ರಿಷಿಯನ್ನರನ್ನು ಕೇಳಿದರೂ ಹೇಳಬಹುದು. ಆದ್ದರಿಂದ ಎಲ್‌ಇಡಿ ಎಂದು ನಿರ್ಧರಿಸಿದ ಮೇಲೆಯೇ ನಿಜವಾದ ಆಯ್ಕೆ ಆರಂಭವಾಗುತ್ತದೆ.

ಒಂದು ಲೆಕ್ಕ

30 ಮೀಟರ್ ಉದ್ದ, 18 ಮೀಟರ್ ಅಗಲ, ದೀಪ ತೂಗುವ ಎತ್ತರ 6 ಮೀಟರ್ ಇರುವ ಒಂದು ಕಾಫಿ ಗೋದಾಮನ್ನು ಊಹಿಸಿಕೊಳ್ಳೋಣ. ನೆಲ 540 ಚದರ ಮೀಟರ್. ಬೇಕಾದ್ದು 150 ಲಕ್ಸ್. ಗುಣಿಸಿದರೆ 81,000 ಲ್ಯೂಮೆನ್ ನೆಲ ಮುಟ್ಟಬೇಕು. ದೀಪದಿಂದ ಹೊರಟ ಬೆಳಕೆಲ್ಲ ನೆಲ ತಲುಪುವುದಿಲ್ಲ. ಗೋಡೆ ಮತ್ತು ಮಾಡು ಸ್ವಲ್ಪ ನುಂಗುತ್ತವೆ, ಆದ್ದರಿಂದ ಉಪಯೋಗದ ಪಾಲು 0.6 ಎಂದು ಹಿಡಿಯೋಣ. ಧೂಳು ಕೂತು, ದೀಪ ಹಳತಾಗಿ ಬೆಳಕು ಕುಗ್ಗುವುದಕ್ಕೆ ಎಲ್‌ಇಡಿಗೆ 0.75 ಹಿಡಿದು, 81,000ವನ್ನು ಈ ಎರಡರಿಂದಲೂ ಭಾಗಿಸಿದರೆ ಬೇಕಾಗುವುದು 1,80,000 ಲ್ಯೂಮೆನ್. ವ್ಯಾಟಿಗೆ 130 ಲ್ಯೂಮೆನ್‌ನಂತೆ 100 ವ್ಯಾಟಿನ ಒಂದು ಹೈಬೇ 13,000 ಲ್ಯೂಮೆನ್ ಕೊಡುತ್ತದೆ. ಹದಿನಾಲ್ಕು ಸಾಕು, ಸಾಲು ಸರಿಹೊಂದಲು ಐದೈದರ ಮೂರು ಸಾಲು, ಅಂದರೆ ಹದಿನೈದು ಹಾಕಬಹುದು. ಒಟ್ಟು 1.5 ಕಿಲೋವ್ಯಾಟ್.

ಇದೇ ಜಾಗಕ್ಕೆ 250 ವ್ಯಾಟಿನ ಮೆಟಲ್ ಹಾಲೈಡ್ ಹಾಕಿದರೆ, ದೀಪ ಕೊಡುವ ಸುಮಾರು 20,000 ಲ್ಯೂಮೆನ್‌ನಲ್ಲಿ ಫಿಟ್ಟಿಂಗಿನಿಂದ ಹೊರಬರುವುದು 15,000. ಬೇಗ ಮಂಕಾಗುವುದರಿಂದ ಕುಗ್ಗುವಿಕೆಗೆ 0.6 ಹಿಡಿಯಬೇಕು. ಆಗಲೂ ಹದಿನೈದೇ ದೀಪ ಬೇಕಾಗುತ್ತವೆ, ಆದರೆ ಚೋಕ್ ಸೇರಿ ಒಂದೊಂದೂ 275 ವ್ಯಾಟ್ ಎಳೆಯುತ್ತದೆ, ಒಟ್ಟು 4.1 ಕಿಲೋವ್ಯಾಟ್. ಜೋಡಿ ಟ್ಯೂಬ್‌ಲೈಟಿನ ಫಿಟ್ಟಿಂಗುಗಳಾದರೆ ನಲವತ್ತನಾಲ್ಕು, ಅಂದರೆ ಎಂಬತ್ತೆಂಟು ಟ್ಯೂಬು. ಎಲೆಕ್ಟ್ರಾನಿಕ್ ಚೋಕ್ ಇದ್ದರೂ 3.2 ಕಿಲೋವ್ಯಾಟ್.

ದಿನಕ್ಕೆ ಹತ್ತು ಗಂಟೆಯಂತೆ ವರ್ಷಕ್ಕೆ 300 ದಿನ ಉರಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಎಲ್‌ಇಡಿ ವರ್ಷಕ್ಕೆ 4,500 ಯೂನಿಟ್ ತಿನ್ನುತ್ತದೆ, ಮೆಟಲ್ ಹಾಲೈಡ್ 12,375. ಯೂನಿಟ್ಟಿಗೆ 8 ರೂಪಾಯಿ ಎಂದು ಲೆಕ್ಕಕ್ಕಾಗಿ ಹಿಡಿದರೆ ವ್ಯತ್ಯಾಸ 63,000 ರೂಪಾಯಿ. ಒಂದು ದೀಪಕ್ಕೆ 4,200. ಅಂಗಡಿಯವರು ಹೇಳುವ ದರವನ್ನು ಈ ಸಂಖ್ಯೆಯ ಪಕ್ಕದಲ್ಲಿಟ್ಟು ನೋಡಿದರೆ ಹಣ ಎಷ್ಟು ತಿಂಗಳಲ್ಲಿ ಮರಳುತ್ತದೆ ಎಂಬುದು ತಿಳಿಯುತ್ತದೆ. ಚಿಕ್ಕಮಗಳೂರಿನವರಿಗೆ ಮೆಸ್ಕಾಂ, ಹಾಸನದವರಿಗೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ಬಿಲ್ಲು ಕೊಡುವುದರಿಂದ, ತಮ್ಮ ಬಿಲ್ಲಿನಲ್ಲಿರುವ ನಿಜವಾದ ದರವನ್ನೇ ಹಾಕಿ ಲೆಕ್ಕ ಮಾಡಬೇಕು. ಮಂಜೂರಾದ ಹೊರೆಯ ಮೇಲಿನ ನಿಗದಿತ ಶುಲ್ಕವನ್ನೂ ಮರೆಯಬಾರದು.

ಆದರೆ ತೋಟದ ಉಗ್ರಾಣದ ದೀಪ ದಿನಕ್ಕೆ ಸರಾಸರಿ ಎರಡು ಗಂಟೆಯಷ್ಟೇ ಉರಿಯುವುದಾದರೆ ಅದೇ ಉಳಿತಾಯ 12,600 ರೂಪಾಯಿಗೆ, ದೀಪವೊಂದಕ್ಕೆ 840ಕ್ಕೆ ಇಳಿಯುತ್ತದೆ. ಅಂಥ ಕಡೆ ಎಲ್‌ಇಡಿ ಹಾಕುವುದಕ್ಕೆ ಬಿಲ್ಲು ಮುಖ್ಯ ಕಾರಣವಲ್ಲ. ತಕ್ಷಣ ಹೊತ್ತಿಕೊಳ್ಳುವುದು, ಇನ್ವರ್ಟರಿನ ಮೇಲೂ ನಡೆಯುವುದು, ಬೆಂಕಿಯ ಭಯ ಕಡಿಮೆಯಾಗುವುದು ಕಾರಣಗಳು. ದುಬಾರಿಯ, ಅತಿ ಹೆಚ್ಚು ಲ್ಯೂಮೆನ್ ಕೊಡುವ ದೀಪಕ್ಕಾಗಿ ಅಲ್ಲಿ ಹಣ ಸುರಿಯುವ ಅಗತ್ಯವೂ ಇಲ್ಲ.

ದುಂಡು ಹೈಬೇ, ಉದ್ದ ಹೈಬೇ, ಬ್ಯಾಟನ್

ಮಾಡು 4 ಮೀಟರಿಗಿಂತ ಕೆಳಗಿದ್ದರೆ 20 ಅಥವಾ 40 ವ್ಯಾಟಿನ, ಟ್ಯೂಬಿನಂತೆ ಉದ್ದವಾದ ಎಲ್‌ಇಡಿ ಬ್ಯಾಟನ್ ಸಾಕು. ಅಷ್ಟು ತಗ್ಗಿನಲ್ಲಿ ಹೈಬೇ ಹಾಕಿದರೆ ಕೆಳಗೆ ಒಂದು ಕಡೆ ಕಣ್ಣು ಕೋರೈಸುವ ಬೆಳಕು, ಮತ್ತೊಂದು ಕಡೆ ನೆರಳು. ತಲೆಯ ಮೇಲೆ ಮೂಟೆ ಹೊತ್ತು ಬರುವವರು ಕತ್ತೆತ್ತಿದರೆ ಕಣ್ಣಿಗೆ ಕತ್ತಲು ಕಟ್ಟುತ್ತದೆ. 6 ಮೀಟರಿಗಿಂತ ಎತ್ತರವಾದರೆ ಹೈಬೇ ಬೇಕು. ಈ ಎರಡರ ನಡುವಿನ ಎತ್ತರದಲ್ಲಿ ಬೆಳಕನ್ನು ಅಗಲವಾಗಿ ಹರಡುವ ಕಡಿಮೆ ವ್ಯಾಟಿನ ಹೈಬೇ ಅಥವಾ ಉದ್ದ ಫಿಟ್ಟಿಂಗು ಎರಡನ್ನೂ ಪರಿಶೀಲಿಸಬಹುದು.

ದುಂಡು ಹೈಬೇ ಅಗ್ಗ, ಹಗುರ, ಎಲ್ಲ ಕಡೆ ಸಿಗುತ್ತದೆ. ಆದರೆ ಅದರ ಬೆಳಕು ವೃತ್ತಾಕಾರವಾಗಿ ಹರಡುವುದರಿಂದ, ಇಕ್ಕಟ್ಟಾದ ಓಣಿಗಳಿರುವ ಗೋದಾಮಿನಲ್ಲಿ ಅರ್ಧ ಬೆಳಕು ಅಟ್ಟಿಗಳ ನೆತ್ತಿಯ ಮೇಲೆ ಬಿದ್ದು ವ್ಯರ್ಥವಾಗುತ್ತದೆ. ಉದ್ದ ಹೈಬೇ ಓಣಿಯ ಉದ್ದಕ್ಕೆ ಬೆಳಕು ಚೆಲ್ಲುತ್ತದೆ, ಅಟ್ಟಿಯ ಮುಖಗಳನ್ನು ಚೆನ್ನಾಗಿ ತೋರಿಸುತ್ತದೆ, ಬೆಲೆ ಹೆಚ್ಚು. ಅಟ್ಟಿಗಳ ಜಾಗ ಪ್ರತಿವರ್ಷ ಬದಲಾಗುವ ಗೋದಾಮಿಗೆ ದುಂಡನೆಯದು, ನೆಲಕ್ಕೆ ಬಣ್ಣದ ಗೆರೆ ಹೊಡೆದು ಓಣಿಗಳನ್ನು ಖಾಯಂ ಮಾಡಿಕೊಂಡ ಗೋದಾಮಿಗೆ ಉದ್ದನೆಯದು ಎಂಬುದು ನನ್ನ ಅಭಿಪ್ರಾಯ. ಯಾವುದನ್ನೇ ಹಾಕಿದರೂ ದೀಪದ ಸಾಲು ಓಣಿಯ ನೇರಕ್ಕೆ ಮೇಲೆ ಬರಬೇಕು. ವೈರಿಂಗು ಮಾಡುವವರು ತಮ್ಮ ಅನುಕೂಲಕ್ಕೆ ಮಾಡಿನ ಟ್ರಸ್ಸುಗಳನ್ನು ನೋಡಿ ದೀಪ ತೂಗಿಸುತ್ತಾರೆ, ಅಟ್ಟಿ ಎಲ್ಲಿ ಬರುತ್ತದೆ ಎಂದು ಕೇಳುವುದಿಲ್ಲ. ಕೆಲಸ ಶುರುವಾಗುವ ಮೊದಲೇ ನೆಲದ ಮೇಲೆ ಸುಣ್ಣದಲ್ಲಿ ಅಟ್ಟಿಗಳ ಗುರುತು ಹಾಕಿಸಿ, ಅದರ ಮೇಲೆ ದೀಪದ ಜಾಗ ಗೊತ್ತುಮಾಡುವುದು ಒಳ್ಳೆಯದು. ದೀಪಕ್ಕೂ ಅಟ್ಟಿಯ ತುದಿಗೂ ನಡುವೆ ಒಂದು ಮೀಟರಾದರೂ ಅಂತರವಿರಲಿ.

ಮಳೆ, ಸಿಡಿಲು, ಕಾದ ತಗಡು

ಒಂದೇ ಜಿಲ್ಲೆಯಾದರೂ ಮೂಡಿಗೆರೆಯ ಹವೆ ಕಡೂರಿನದಲ್ಲ, ಸಕಲೇಶಪುರದ್ದು ಅರಸೀಕೆರೆಯದಲ್ಲ. ಘಟ್ಟದ ಕಡೆ ಡ್ರೈವರಿನ ಶತ್ರು ತೇವ ಮತ್ತು ಸಿಡಿಲು. ಬಯಲಿನ ಕಡೆ ಶಾಖ.

ಏಪ್ರಿಲ್ ಮತ್ತು ಮೇ ತಿಂಗಳ ಗುಡುಗು ಮಳೆಯ ಕಾಲದಲ್ಲಿ ದೂರದಲ್ಲಿ ಬಿದ್ದ ಸಿಡಿಲು ಕೂಡ ತಂತಿಯ ಮೂಲಕ ಕ್ಷಣಾರ್ಧದ ಭಾರೀ ವೋಲ್ಟೇಜನ್ನು ತರುತ್ತದೆ. ದೀಪದ ಒಳಗೆ 4 ಕಿಲೋವೋಲ್ಟಿನ ಸರ್ಜ್ ರಕ್ಷಣೆ ಇದೆ ಎಂದರೆ ಅದು ಕನಿಷ್ಠ. ಮಲೆನಾಡಿನಲ್ಲಿ ಅದಷ್ಟನ್ನೇ ನಂಬಿ ಕೂರದೆ ಮುಖ್ಯ ಬೋರ್ಡಿನಲ್ಲಿ ಪ್ರತ್ಯೇಕ ಸರ್ಜ್ ರಕ್ಷಕವನ್ನು ಹಾಕಿಸಬೇಕು. ಅರ್ಥಿಂಗ್ ಸರಿಯಿಲ್ಲದಿದ್ದರೆ ಆ ರಕ್ಷಕದಿಂದ ಪ್ರಯೋಜನವಿಲ್ಲ, ಆದ್ದರಿಂದ ಅರ್ಥಿಂಗನ್ನು ಅಳೆಸಿ ನೋಡುವುದು ಮೊದಲ ಕೆಲಸ. ಡ್ರೈವರು ತಡೆಯುವ ವೋಲ್ಟೇಜಿನ ಹರವನ್ನೂ ಕೇಳಬೇಕು: ಸಾಲಿನ ಕೊನೆಯಲ್ಲಿರುವ ತೋಟಗಳಲ್ಲಿ ವೋಲ್ಟೇಜು 160ಕ್ಕೆ ಇಳಿದರೂ 270ಕ್ಕೆ ಏರಿದರೂ ದೀಪ ಮಿಣುಕದೆ ಉರಿಯಬೇಕು. ಎಳೆದ ವಿದ್ಯುತ್ತಿನಲ್ಲಿ ಕೆಲಸಕ್ಕೆ ಬರುವ ಪಾಲನ್ನು ಹೇಳುವ ಪವರ್ ಫ್ಯಾಕ್ಟರ್ 0.9ಕ್ಕಿಂತ ಹೆಚ್ಚಿರಲಿ, ಅಗ್ಗದ ದೀಪಗಳಲ್ಲಿ ಅದು 0.5ರಷ್ಟು ಕಡಿಮೆ ಇರುವುದುಂಟು.

ಬಯಲಿನ ಕಡೆಯ ತಗಡಿನ ಶೆಡ್ಡಿನಲ್ಲಿ ಮಾರ್ಚ್ ಏಪ್ರಿಲ್ ಮಧ್ಯಾಹ್ನ ಮಾಡಿನ ಕೆಳಗಿನ ಗಾಳಿ ನೆಲದ ಮಟ್ಟದ ಗಾಳಿಗಿಂತ ಎಷ್ಟೋ ಬಿಸಿಯಾಗಿರುತ್ತದೆ. ಡ್ರೈವರಿನೊಳಗಿನ ಕೆಪಾಸಿಟರಿನ ಆಯಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಲೆಕ್ಟ್ರಾನಿಕ್ಸಿನವರು ಹಿಡಿದುಕೊಂಡು ಬಂದಿರುವ ನಿಯಮ. ಆದ್ದರಿಂದ ಕಡೂರು, ಅರಸೀಕೆರೆ, ತರೀಕೆರೆಯವರು 50 ಡಿಗ್ರಿ ಸುತ್ತಲಿನ ಶಾಖದಲ್ಲೂ ಕೆಲಸ ಮಾಡುತ್ತದೆಂದು ತಯಾರಕರು ಬರೆದುಕೊಟ್ಟ ದೀಪವನ್ನೇ ಕೇಳಬೇಕು, ಮತ್ತು ದೀಪವನ್ನು ತಗಡಿಗೆ ಅಂಟಿಸದೆ ಎರಡು ಅಡಿಯಾದರೂ ಕೆಳಗೆ ಇಳಿಬಿಡಬೇಕು.

ಧೂಳು ಮತ್ತು ನೀರಿನ ತಡೆಯನ್ನು ಐಪಿ ಸಂಖ್ಯೆ ಹೇಳುತ್ತದೆ. ಹೊಟ್ಟಿನ ಧೂಳಿರುವ ಕಾಫಿ ಗೋದಾಮಿಗೂ, ಮಳೆಗಾಲದಲ್ಲಿ ಗೋಡೆ ಬೆವರುವ ಉಗ್ರಾಣಕ್ಕೂ ಐಪಿ 65 ತೆಗೆದುಕೊಳ್ಳುವುದೇ ಲೇಸು. ಕಾಫಿಯ ಸಿಪ್ಪೆ ಬಿಡಿಸುವ ಯಂತ್ರದ ಕೋಣೆ ಮಾತ್ರ ಬೇರೆಯೇ ವಿಷಯ. ಅಲ್ಲಿ ಗಾಳಿಯಲ್ಲಿ ತೇಲುವ ಹೊಟ್ಟಿನ ಧೂಳು ಬೆಂಕಿ ಹಿಡಿಯುವಂಥದ್ದು, ಆದ್ದರಿಂದ ಆ ಕೋಣೆಗೆ ಯಾವ ದರ್ಜೆಯ ಫಿಟ್ಟಿಂಗು ಬೇಕೆಂದು ವಿದ್ಯುತ್ ಪರಿವೀಕ್ಷಕರನ್ನು ಕೇಳಿಯೇ ನಿರ್ಧರಿಸಬೇಕು.

ಸರಕು ಬೆಳಕಿಗೆ ಏನನ್ನುತ್ತದೆ

ದೀಪ ಮಾರುವವರ ಕರಪತ್ರಗಳಲ್ಲಿ ಈ ವಿಷಯ ಇರುವುದಿಲ್ಲ. ನಮ್ಮ ಜಿಲ್ಲೆಗಳ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ.

ಆಲೂಗಡ್ಡೆಯನ್ನು ಮೊದಲು ತೆಗೆದುಕೊಳ್ಳೋಣ. ಬೆಳಕು ಬಿದ್ದ ಆಲೂಗಡ್ಡೆಯ ಸಿಪ್ಪೆ ಹಸಿರಾಗುತ್ತದೆ. ಆ ಹಸಿರು ಎಲೆಹಸಿರೇ, ಅದರಿಂದ ಕೆಡುಕಿಲ್ಲ. ಆದರೆ ಅದರ ಜೊತೆಜೊತೆಗೆ ಸೊಲನಿನ್ ಮುಂತಾದ ಕಹಿಯಾದ, ವಿಷಕಾರಿಯಾದ ಅಂಶಗಳೂ ಹೆಚ್ಚುತ್ತವೆ. ಅಡುಗೆಗೆ ಹೋಗುವ ಗೆಡ್ಡೆಯಲ್ಲಿ ಹಸಿರು ಕಂಡರೆ ಮಂಡಿಯಲ್ಲಿ ಬೆಲೆ ಬೀಳುತ್ತದೆ. ಮಂದ ಬೆಳಕಾದರೂ ದಿನಗಟ್ಟಲೆ ಬಿದ್ದರೆ ಸಾಕು, ಗೆಡ್ಡೆ ಹಸಿರಾಗುತ್ತದೆ. ಹಾಗಾಗಿ ಆಲೂಗಡ್ಡೆ ಮಳಿಗೆಗೆ ಒಳ್ಳೆಯ ದೀಪವೆಂದರೆ ಕೆಲಸವಿದ್ದಾಗ ಚೆನ್ನಾಗಿ ಬೆಳಗಿ ಉಳಿದ ಹೊತ್ತು ಪೂರ್ಣವಾಗಿ ಆರಿರುವ ದೀಪ. ಒಂದೊಂದು ಓಣಿಗೂ ಬೇರೆ ಬೇರೆ ಸ್ವಿಚ್ಚು ಅಥವಾ ಚಲನೆ ಗುರುತಿಸುವ ಸೆನ್ಸರು ಹಾಕುವುದು ಇಲ್ಲಿ ವಿದ್ಯುತ್ ಉಳಿಸಲು ಮಾತ್ರವಲ್ಲ, ಸರಕು ಉಳಿಸಲು. ಯಾರೂ ಇಲ್ಲದಾಗ ಶೇಕಡಾ 20ಕ್ಕೆ ಇಳಿದು ನಿಲ್ಲುವ ಸೆನ್ಸರು ಬೇರೆ ಗೋದಾಮಿಗೆ ಒಳ್ಳೆಯದು, ಇಲ್ಲಿ ಬೇಡ.

ಬಿತ್ತನೆ ಆಲೂಗಡ್ಡೆಯ ಸಂಗತಿ ಇದಕ್ಕೆ ತದ್ವಿರುದ್ಧ. ಮುಂಗಾರು ಬಿತ್ತನೆಗೆಂದು ಜಲಂಧರ್ ಕಡೆಯಿಂದ ಹಾಸನಕ್ಕೆ ಬರುವ ಗೆಡ್ಡೆಯನ್ನು ಶೀತಲಗೃಹದಿಂದ ಹೊರತೆಗೆದ ಮೇಲೆ ಕತ್ತಲಲ್ಲಿ ಇಟ್ಟರೆ ಮೊಳಕೆ ಬೆಳ್ಳಗೆ, ಉದ್ದಕ್ಕೆ, ಮುಟ್ಟಿದರೆ ಮುರಿಯುವಂತೆ ಬರುತ್ತದೆ. ನೇರ ಬಿಸಿಲಿಲ್ಲದ, ಹರಡಿದ ಬೆಳಕಿನಲ್ಲಿ ಇಟ್ಟರೆ ಮೊಳಕೆ ಗಿಡ್ಡವಾಗಿ, ಗಟ್ಟಿಯಾಗಿ, ಬಣ್ಣ ಕಟ್ಟಿಕೊಂಡು ಬರುತ್ತದೆ. ಆದ್ದರಿಂದ ಬಿತ್ತನೆಗೆಡ್ಡೆಯನ್ನೂ ಅಡುಗೆಯದನ್ನೂ ಒಂದೇ ದೀಪದ ಸಾಲಿನ ಕೆಳಗೆ ಇಡಲೇಬಾರದು.

ಶೀತಲಗೃಹದ ಒಳಗೆ ಟ್ಯೂಬ್‌ಲೈಟಿಗೂ ಎಲ್‌ಇಡಿಗೂ ಇರುವ ಅಂತರ ಇನ್ನೂ ದೊಡ್ಡದು. ಬಿತ್ತನೆಗೆಡ್ಡೆ ಇಡುವ 2ರಿಂದ 4 ಡಿಗ್ರಿ ಚಳಿಯಲ್ಲಿ ಟ್ಯೂಬು ಬೇಗ ಹೊತ್ತಿಕೊಳ್ಳದು, ಹೊತ್ತಿಕೊಂಡರೂ ಪೂರ್ಣ ಬೆಳಕು ಕೊಡದು. ಎಲ್‌ಇಡಿ ಚಳಿಯಲ್ಲಿ ಇನ್ನಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ದೀಪ ಎಳೆದ ಒಂದೊಂದು ವ್ಯಾಟೂ ಕೊನೆಗೆ ಶಾಖವಾಗಿ ಕೋಣೆಯಲ್ಲೇ ಉಳಿಯುವುದರಿಂದ, ಅದನ್ನು ಹೊರಹಾಕಲು ಕಂಪ್ರೆಸರು ಮತ್ತೆ ವಿದ್ಯುತ್ತು ಬಳಸುತ್ತದೆ. ಶೀತಲಗೃಹದಲ್ಲಿ ದೀಪದ ಬಿಲ್ಲನ್ನು ಎರಡು ಸಲ ಕಟ್ಟಬೇಕಾಗುತ್ತದೆ ಎಂದು ತಿಳಿದೇ ಆಯ್ಕೆ ಮಾಡಬೇಕು.

ಏಲಕ್ಕಿಗೆ ಅದರ ಹಸಿರೇ ಬೆಲೆ. ಬೆಳಕಿಗೆ ಆ ಹಸಿರು ಮಾಸುತ್ತದೆಂದೇ ಕಪ್ಪು ಪಾಲಿಥೀನ್ ಒಳಪದರವಿರುವ ಸೆಣಬಿನ ಚೀಲದಲ್ಲಿ ಅದನ್ನು ತುಂಬಿಡುವ ರೂಢಿ ಬಂದಿದೆ. ಏಲಕ್ಕಿ ಮಳಿಗೆಗೆ ಮಾಡಿನಿಂದ ಸದಾ ಬೆಳಕು ಬರುವ ಪಾರದರ್ಶಕ ಹಾಳೆ ಬೇಡ. ಸಾಧಾರಣ ಬ್ಯಾಟನ್ ಸಾಕು, ಆದರೆ ಕಾಯಿ ಆರಿಸುವ ಮೇಜಿಗೆ ಮಾತ್ರ ಸಿಆರ್‌ಐ 90ರ ದೀಪ ಬೇಕು.

ಕಾಫಿಯ ಗೋದಾಮಿನಲ್ಲಿ ಮೂಟೆ ಇರುವ ಜಾಗವನ್ನೂ ಕಾಳು ನೋಡುವ ಜಾಗವನ್ನೂ ಬೇರೆ ಮಾಡಿ ಯೋಚಿಸಬೇಕು. ಅಟ್ಟಿಗಳ ಮೇಲೆ ಸಿಆರ್‌ಐ 70 ಇದ್ದರೂ ನಡೆಯುತ್ತದೆ. ಆದರೆ ಗಾರ್ಬ್ಲಿಂಗ್ ಎಂದು ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಕರೆಯುವ, ಹೆಂಗಸರು ಸಾಲಾಗಿ ಕುಳಿತು ಕಪ್ಪು ಕಾಳು, ಬಿಳಿಚಿದ ಕಾಳು, ಒಡಕು ಕಾಳುಗಳನ್ನು ಬೇರ್ಪಡಿಸುವ ಕೆಲಸದಲ್ಲಿ ಬೆಳಕಿನ ಗುಣವೇ ಸರಕಿನ ಗುಣ. ಅಲ್ಲಿಗೆ ಸಿಆರ್‌ಐ 90ಕ್ಕೆ ಕಡಿಮೆಯಿಲ್ಲದ, 5,000 ಕೆಲ್ವಿನ್ (ಬೆಳಕಿನ ಛಾಯೆಯ ಅಳತೆ) ಆಸುಪಾಸಿನ, ಹಗಲಿನ ಬೆಳಕನ್ನು ಹೋಲುವ, ಮಿಣುಕದ ದೀಪವನ್ನು ಮೇಜಿಗೆ ಹತ್ತಿರವಾಗಿ ತೂಗಿಸಬೇಕು. ದಿನಕ್ಕೆ ಎಂಟು ಗಂಟೆ ಕಣ್ಣು ನೆಟ್ಟು ಕೂರುವ ಆ ಕೆಲಸಗಾರರ ಕಣ್ಣಿನ ವಿಷಯದಲ್ಲಿ ಚೌಕಾಸಿ ಮಾಡಬಾರದೆಂದು ಒತ್ತಿ ಹೇಳುತ್ತೇನೆ. ಇಡೀ ಗೋದಾಮಿನ ಮಾಡಿನಿಂದಲೇ 500 ಲಕ್ಸ್ ಇಳಿಸಲು ಹೋಗುವುದಕ್ಕಿಂತ, ಮಾಡಿನಿಂದ 150 ಮತ್ತು ಮೇಜಿನ ಮೇಲೆ ಪ್ರತ್ಯೇಕ ದೀಪ ಎಂಬ ಏರ್ಪಾಡು ಅಗ್ಗವೂ ಹೌದು, ಉತ್ತಮವೂ ಹೌದು.

ಧಾನ್ಯದ ಗೋದಾಮಿನವರು, ಹುಳುಬಾಧೆಗೆ ಅನಿಲ ಹಾಕುವ ಕಾಫಿ ಗೋದಾಮಿನವರು ಇನ್ನೊಂದು ಸಂಗತಿ ತಿಳಿದಿರಬೇಕು. ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯಿಂದ ಹೊರಡುವ ಫಾಸ್ಫೀನ್ ಅನಿಲ ತಾಮ್ರವನ್ನು ತಿನ್ನುತ್ತದೆ. ಹವೆಯಲ್ಲಿ ತೇವ ಹೆಚ್ಚಿದ್ದರೆ ಇನ್ನೂ ಬೇಗ. ಹಳೆಯ ಚೋಕಿಗಿಂತ ಎಲ್‌ಇಡಿ ಡ್ರೈವರಿನ ಸೂಕ್ಷ್ಮ ಬೆಸುಗೆಗಳಿಗೆ ಈ ಅನಿಲ ಹೆಚ್ಚು ಅಪಾಯಕಾರಿ. ಇಡೀ ಕಟ್ಟಡಕ್ಕೆ ಅನಿಲ ಹಾಕುವ ರೂಢಿ ಇದ್ದರೆ, ಡ್ರೈವರನ್ನು ದೀಪದಿಂದ ಬೇರ್ಪಡಿಸಿ ಹೊರಗೋಡೆಯ ಪೆಟ್ಟಿಗೆಯಲ್ಲಿ ಇಡಬಹುದಾದ ಮಾದರಿಯನ್ನು ಕೊಳ್ಳುವುದು ಉತ್ತಮ. ಪ್ರತಿ ಅಟ್ಟಿಗೂ ಹೊದಿಕೆ ಮುಚ್ಚಿ ಅನಿಲ ಹಾಕುವವರಿಗೆ ಈ ತೊಂದರೆ ಕಡಿಮೆ.

ಲಾರಿ ನಿಲ್ಲುವ ಬಾಗಿಲಿನ ದೀಪಕ್ಕೆ 3,000 ಕೆಲ್ವಿನ್‌ನ ಹಳದಿ ಛಾಯೆಯ ಎಲ್‌ಇಡಿ ಹಾಕಿದರೆ ಹುಳುಗಳು ಕಡಿಮೆ ಬರುತ್ತವೆ. ನೀಲಿ ಛಾಯೆಯ ಬಿಳಿ ಬೆಳಕು ಮೊದಲ ಮಳೆಯ ನಂತರದ ರೆಕ್ಕೆಗೆದ್ದಲನ್ನೆಲ್ಲ ಗೋದಾಮಿನೊಳಕ್ಕೆ ಕರೆಯುತ್ತದೆ.

ಹಗಲ ಬೆಳಕು

ಹಳೆಯ ಉಗ್ರಾಣಗಳಲ್ಲಿ ಹೆಂಚಿನ ನಡುವೆ ಅಲ್ಲೊಂದು ಇಲ್ಲೊಂದು ಗಾಜಿನ ಹೆಂಚು ಇಡುತ್ತಿದ್ದರು. ಈಗ ತಗಡಿನ ಮಾಡಿಗೆ ಪಾಲಿಕಾರ್ಬನೇಟ್ ಹಾಳೆ ಹಾಕುತ್ತಾರೆ. ಮಾಡಿನ ವಿಸ್ತೀರ್ಣದಲ್ಲಿ ಶೇಕಡಾ 5ರಷ್ಟು ಹಾಕಿದರೂ ಬಯಲುಸೀಮೆಯಲ್ಲಿ ವರ್ಷದ ಬಹುಪಾಲು ಹಗಲಿನಲ್ಲಿ ದೀಪ ಬೇಕಾಗುವುದಿಲ್ಲ. ಘಟ್ಟದ ಕಡೆ ಇದರ ಫಲ ಅರ್ಧ ಮಾತ್ರ: ಮಳೆಗಾಲದಲ್ಲಿ ಮೋಡ, ಹಾಳೆಯ ಮೇಲೆ ಪಾಚಿ, ಜೋಡಣೆಯ ಅಂಚಿನಲ್ಲಿ ಸೋರಿಕೆ. ಒಂದು ಸೋರಿಕೆಗೆ ನೆನೆದು ಬೂಷ್ಟು ಹಿಡಿದ ಕಾಫಿ ಮೂಟೆಗಳ ನಷ್ಟದ ಮುಂದೆ ದೀಪದ ಉಳಿತಾಯ ಏನೂ ಅಲ್ಲ. ಆದ್ದರಿಂದ ಮಲೆನಾಡಿನಲ್ಲಿ ಮಾಡನ್ನು ತೂತು ಮಾಡುವ ಬದಲು ಗೋಡೆಯ ಮೇಲ್ಭಾಗದಲ್ಲಿ, ಚಾಚಿದ ಸೂರಿನ ಕೆಳಗೆ ಗಾಜಿನ ಪಟ್ಟಿ ಹಾಕುವುದು ಹೆಚ್ಚು ಸುರಕ್ಷಿತ. ಗೋಡೆಯ ಒಳಮುಖಕ್ಕೂ ಮಾಡಿನ ಒಳಮುಖಕ್ಕೂ ಬಿಳಿ ಬಣ್ಣ ಹೊಡೆಸುವುದು ಇದಕ್ಕಿಂತ ಅಗ್ಗದ ಉಪಾಯ. ಹಗಲ ಬೆಳಕಿಗೂ ದೀಪಕ್ಕೂ ಅದರಿಂದ ಲಾಭವಿದೆ.

ಕೊಳ್ಳುವ ಹೊತ್ತಿನಲ್ಲಿ

ದರಪಟ್ಟಿ ಕೇಳುವಾಗ ವ್ಯಾಟನ್ನಲ್ಲ, ಫಿಟ್ಟಿಂಗಿನಿಂದ ಹೊರಬರುವ ಲ್ಯೂಮೆನ್ನನ್ನು ಬರೆದುಕೊಡಲು ಹೇಳಬೇಕು. ಕೆಲವರು ಚಿಪ್ಪಿನ ಲ್ಯೂಮೆನ್ನನ್ನೇ ತೋರಿಸುತ್ತಾರೆ, ಅದು ಯಾವಾಗಲೂ ದೊಡ್ಡದು. ಇಡೀ ದೀಪವನ್ನು ಪ್ರಯೋಗಾಲಯದಲ್ಲಿ ಅಳೆದ ಎಲ್‌ಎಂ 79 ವರದಿ ಇದ್ದರೆ ಅದನ್ನು ನಂಬಬಹುದು. ಡ್ರೈವರಿನ ಮೇಲೆ ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ನೋಂದಣಿಯ ಗುರುತು ಇರಲೇಬೇಕು. ಖಾತರಿ ಮೂರು ವರ್ಷವೋ ಐದು ವರ್ಷವೋ ಎಂಬುದರಷ್ಟೇ ಮುಖ್ಯವಾದ ಪ್ರಶ್ನೆ, ಡ್ರೈವರು ಕೆಟ್ಟರೆ ಅದೊಂದನ್ನೇ ಬದಲಿಸಬಹುದೇ, ಅದು ಹಾಸನ ಅಥವಾ ಚಿಕ್ಕಮಗಳೂರಿನಲ್ಲೇ ಸಿಗುತ್ತದೆಯೇ ಎಂಬುದು. ಡ್ರೈವರನ್ನು ಒಳಗೇ ಅಂಟಿಸಿ ಮುಚ್ಚಿದ ಅಗ್ಗದ ದೀಪ ಕೆಟ್ಟರೆ ಇಡೀ ದೀಪವೇ ಗುಜರಿಗೆ ಹೋಗುತ್ತದೆ.

ತುರ್ತು ಬೆಳಕನ್ನು ಇದೇ ಹೊತ್ತಿನಲ್ಲಿ ಯೋಚಿಸಬೇಕು. ಹದಿನೈದು ದೀಪಗಳಲ್ಲಿ ಮೂರನ್ನು, ಬಾಗಿಲಿಗೂ ಮುಖ್ಯ ಓಣಿಗೂ ಬೀಳುವಂಥವನ್ನು, ಬೇರೆ ತಂತಿಯಲ್ಲಿ ಇನ್ವರ್ಟರಿಗೆ ಜೋಡಿಸಿದರೆ 300 ವ್ಯಾಟಿನಲ್ಲಿ ಕೆಲಸ ಮುಗಿಯುತ್ತದೆ. ಸೆನ್ಸರು ಹಾಕುವುದಾದರೆ, ಮೈಯ ಶಾಖವನ್ನು ಗುರುತಿಸುವ ಬಗೆ ತಗ್ಗು ಮಾಡಿಗೆ ಸರಿ. ಎತ್ತರದಲ್ಲಿ ಮೈಕ್ರೋವೇವ್ ಬಗೆ ಬೇಕು, ಆದರೆ ಗಾಳಿಗೆ ಅಲುಗುವ ತಗಡಿಗೂ ತಿರುಗುವ ಫ್ಯಾನಿಗೂ ಅದು ಸುಮ್ಮನೆ ಹೊತ್ತಿಕೊಳ್ಳಬಹುದು.

ಎಲ್ಲವನ್ನೂ ಒಂದೇ ಸಲ ತರಿಸದೆ ಒಂದು ಓಣಿಗಾಗುವಷ್ಟು ತರಿಸಿ, ತೂಗಿಸಿ, ರಾತ್ರಿ ಹೊತ್ತು ಅಟ್ಟಿಯ ಮುಖದ ಮೇಲೆ ಲಕ್ಸ್ ಅಳೆದು, ಅಲ್ಲಿ ಕೆಲಸ ಮಾಡುವವರನ್ನೇ ಕೇಳಿ, ಆಮೇಲೆ ಉಳಿದದ್ದಕ್ಕೆ ಆರ್ಡರ್ ಕೊಡುವುದು ಸರಿಯಾದ ಕ್ರಮ. ಹಾಕಿದ ಮೇಲೆ ವರ್ಷಕ್ಕೆ ಎರಡು ಸಲ, ಕಾಫಿ ಕೊಯ್ಲಿಗೆ ಮುಂಚೆ ಒಮ್ಮೆ ಮತ್ತು ಮಳೆಗಾಲಕ್ಕೆ ಮುಂಚೆ ಒಮ್ಮೆ, ಒಣಬಟ್ಟೆಯಲ್ಲಿ ದೀಪದ ಗಾಜು ಒರೆಸಬೇಕು. ಮೇಲಿನ ಲೆಕ್ಕದ 0.75 ಉಳಿಯುವುದು ಒರೆಸಿದರೆ ಮಾತ್ರ. ಇಳಿಸಿದ ಹಳೆಯ ಟ್ಯೂಬುಗಳನ್ನೂ ಮೆಟಲ್ ಹಾಲೈಡ್ ದೀಪಗಳನ್ನೂ ಕಣದಲ್ಲಿ ಒಡೆಯಬಾರದು, ತೋಟದ ಗುಂಡಿಗೂ ಎಸೆಯಬಾರದು. ಅವುಗಳ ಪಾದರಸ ಕಾಫಿ ಒಣಗಿಸುವ ನೆಲಕ್ಕೂ ತೋಟದ ನೀರಿಗೂ ಸೇರುತ್ತದೆ. ಅವು ಇ-ತ್ಯಾಜ್ಯದ ನಿಯಮಗಳಡಿ ಬರುವುದರಿಂದ, ಒಡೆಯದಂತೆ ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಿ, ನೋಂದಾಯಿತ ಮರುಬಳಕೆದಾರರಿಗೆ ತಲುಪಿಸುವ ಹೊಣೆಯನ್ನು ಹೊಸ ದೀಪ ಕೊಡುವವರ ಕರಾರಿನಲ್ಲೇ ಬರೆಸಿಕೊಳ್ಳಬೇಕು.